ಊರು ಬೆಳೀತೋ, ಊರಿನ ಹದ್ದು (ಗಡಿ) ಬೆಳೀತೋ: ನಮ್ಮ ಪಟ್ಟಣಗಳ ಜನಸಂಖ್ಯೆ ಲೆಕ್ಕ ಹಿಡಿಯೋದು ಹೆಂಗ?

ಪ್ರಶ್ನೆ: ಸರ್, ನಾನು ಮುಧೋಳದಾಂವ. ಬೆಳಗಾವಿ, ಬಾಗಲಕೋಟಿ, ವಿಜಯಪುರ ಮೂರೂ ಜಿಲ್ಲಾದ ಎಲ್ಲಾ ಸಿಟಿ, ಪಟ್ಟಣಗಳ ಜನಸಂಖ್ಯೆ 2001ರಾಗ ಎಷ್ಟಿತ್ತು, 2011ರಾಗ ಎಷ್ಟಾತು, ಈಗ ಎಷ್ಟಿರಬಹುದು ಅಂತ ಒಂದು ಎಕ್ಸೆಲ್ ಶೀಟ್ ಮಾಡಾಕತ್ತೀನಿ. ಆದ್ರ ಒಂದೇ ಊರಿಗೆ ಎರಡು ಮೂರು ನಂಬರ್ ಸಿಗ್ತಾವ. ನೆಟ್‌ನಾಗ 2024ರದು, 2025ರದು ಅಂತಾನೂ ನಂಬರ್ ಅದಾವ. ಯಾವುದನ್ನ ನಂಬಬೇಕು? ಮುಂದ 2027ರ ಜನಗಣತಿ ಬಂದಮ್ಯಾಲ ಹಳೇದರ ಜೊತಿ ಹೆಂಗ ಹೋಲಿಸಬೇಕು?

ಉತ್ತರ: ಮೊದಲನೇ ಮಾತು, ನಿಮಗ ಸಿಕ್ಕ ಎರಡು ಮೂರು ನಂಬರ್‌ನಾಗ ಹೆಚ್ಚಿನವು ತಪ್ಪಲ್ಲ. ಹೆಸರು ಒಂದೇ ಇದ್ರೂ ಅವು ಬ್ಯಾರೆ ಬ್ಯಾರೆ ಹದ್ದಿನ ಲೆಕ್ಕ ಅದಾವ. ಬರೇ ಪಾಲಿಕೆ ಹದ್ದಿನೊಳಗಿನ ಜನ ಒಂದು ನಂಬರ್, ಪಾಲಿಕೆಗೆ ಹೊಂದಿಕೊಂಡು ಬೆಳೆದ ಬಡಾವಣಿ ಸೇರಿಸಿದ್ರ ಇನ್ನೊಂದು, ಸುತ್ತಲಿನ ಸಣ್ಣ ಪಟ್ಟಣ, ಕಂಟೋನ್ಮೆಂಟ್ (ಮಿಲಿಟರಿ ಪ್ರದೇಶ) ಎಲ್ಲಾ ಕೂಡಿಸಿದ ಅರ್ಬನ್ ಅಗ್ಲೊಮರೇಷನ್ ಅಂತಾರಲ್ಲ ಅದು ಮತ್ತೊಂದು. ಮೂರಕ್ಕೂ ಮುಂದ "ಬೆಳಗಾವಿ" ಅಂತನ ಬರೆದಿರ್ತಾರ. ಹಂಗಾಗಿ ನಿಮ್ಮ ಶೀಟ್‌ನಾಗ ಎಲ್ಲಾದಕ್ಕಿಂತ ಮೊದಲು ಬೇಕಾಗಿರೋದು ಜನಸಂಖ್ಯೆ ಕಾಲಂ ಅಲ್ಲ, "ಇದು ಯಾವ ಹದ್ದಿನ ಲೆಕ್ಕ" ಅನ್ನೋ ಕಾಲಂ.

ಇದು ಎಷ್ಟು ದೊಡ್ಡ ಫರಕು ಮಾಡ್ತೈತಿ ಅನ್ನೋದಕ್ಕ ವಿಜಯಪುರ ತಗೋರಿ. 2001ರಾಗ ಬರೇ ನಗರಸಭಾ ಲೆಕ್ಕ ಹಿಡಿದ್ರ ಸುಮಾರು 2.28 ಲಕ್ಷ, ಅಂಚಿನ ಭಾಗ ಎಲ್ಲಾ ಸೇರಿಸಿದ್ರ ಸುಮಾರು 2.54 ಲಕ್ಷ. 2011ಕ್ಕ ಬಂದ್ರ ಊರಿನ ಲೆಕ್ಕ ಸುಮಾರು 3.27 ಲಕ್ಷ, ಎಲ್ಲಾ ಸೇರಿಸಿ 3.30 ಲಕ್ಷ. ಬರೇ ಊರಿನ ಲೆಕ್ಕ ಹಿಡಿದ್ರ ಹತ್ತು ವರ್ಷದಾಗ 43 ಪರ್ಸೆಂಟ್ ಬೆಳವಣಿಗಿ, ಎಲ್ಲಾ ಸೇರಿಸಿದ ಲೆಕ್ಕ ಹಿಡಿದ್ರ 30 ಪರ್ಸೆಂಟ್. ಊರು ಅದ, ಜನ ಅವರ, ವರ್ಷಾನೂ ಅವ. ಏನಾಗೇತಿ ಅಂದ್ರ 2001ರಾಗ ಎರಡೂ ಲೆಕ್ಕದ ನಡುವ ಸುಮಾರು 26 ಸಾವಿರ ಜನರ ಅಂತರ ಇತ್ತು, 2011ರಾಗ ಅದು ಮೂರು ಸಾವಿರದ ಹತ್ರ ಇಳೀತು, ಅಂದ್ರ ಅಂಚಿನ್ಯಾಗ ಇದ್ದ ಜನ ತಮ್ಮ ಮನಿ ಬಿಟ್ಟು ಕದಲದನ ಊರಿನ ಲೆಕ್ಕದೊಳಗ ಬಂದ್ರು. ಯಾರಾದ್ರೂ 2.28 ತಗೊಂಡು 3.30ರ ಜೊತಿ ಹೋಲಿಸಿದ್ರ 45 ಪರ್ಸೆಂಟ್ ಅಂತ ಹೆಡ್‌ಲೈನ್ ಬರ್ತೈತಿ, ಅದು ಎರಡೂ ಕಡಿಯಿಂದ ತಪ್ಪು. ಹಂಗಂತ ವಿಜಯಪುರ ಬೆಳೆದಿಲ್ಲ ಅಂತಲ್ಲ, 30 ಪರ್ಸೆಂಟ್ ಅಂದ್ರೂ ಅದು ಜೋರ ಬೆಳವಣಿಗಿನ, ಅದೇ ಹತ್ತು ವರ್ಷದಾಗ ಇಡೀ ರಾಜ್ಯ ಬೆಳೆದಿದ್ದು 15.6 ಪರ್ಸೆಂಟ್ ಅಷ್ಟ.

ಬೆಳಗಾವಿ ಇನ್ನೊಂದು ಥರ. ಇಲ್ಲಿ ಪಾಲಿಕೆ 2001ರಾಗ ಸುಮಾರು 4 ಲಕ್ಷ, 2011ರಾಗ 4.88 ಲಕ್ಷ. ಅಗ್ಲೊಮರೇಷನ್ 5.06 ಲಕ್ಷದಿಂದ 6.10 ಲಕ್ಷ. ಪರ್ಸೆಂಟ್ ನೋಡಿದ್ರ ಭಾಳ ಫರಕಿಲ್ಲ, 22 ಮತ್ತ 20.5, ಆದ್ರ 2011ರಾಗನ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಪಾಲಿಕೆ ಹದ್ದಿನ ಹೊರಗ ಇದ್ದು ಬೆಳಗಾವಿ ಬದುಕನ್ನ ಬದುಕತಿದ್ರು, ಕಂಟೋನ್ಮೆಂಟ್, ಹಿಂಡಲಗಾ, ಕಂಗ್ರಾಳಿ, ಮಚ್ಛೆ, ಪೀರನವಾಡಿ ಎಲ್ಲಾ ಅದರೊಳಗ ಬರ್ತಾವ. ಮಚ್ಛೆ ಇಂಡಸ್ಟ್ರಿಯಲ್ ಏರಿಯಾದಾಗ ದುಡಿಯೋರು, ಹಿಂಡಲಗಾದಾಗ ಮನಿ ಕಟ್ಟಿಸಿಕೊಂಡೋರು ಇವರನ್ನ ಬಿಟ್ಟು "ಬೆಳಗಾವಿ 4.88 ಲಕ್ಷ" ಅಂದ್ರ ಟ್ರಾಫಿಕ್ಕಿಗೂ ನೀರಿಗೂ ಕಸಕ್ಕೂ ಆ ಲೆಕ್ಕ ಹೊಂದೂದಿಲ್ಲ. ಕಂಟೋನ್ಮೆಂಟ್‌ನ ಸಿವಿಲ್ ಏರಿಯಾ ಪಾಲಿಕೆಗೆ ಸೇರಿಸೋ ಮಾತು ಬ್ಯಾರೆ ನಡದೈತಿ, ಅದು ಆದ ದಿನ ಪಾಲಿಕೆ ಜನಸಂಖ್ಯೆ ಒಮ್ಮಿಂದೊಮ್ಮೆ ಜಿಗೀತೈತಿ, ಒಬ್ಬ ಮನಷ್ಯಾನೂ ಊರಿಗೆ ಹೊಸದಾಗಿ ಬಂದಿರೂದಿಲ್ಲ. ನನ್ನ ಅಭಿಪ್ರಾಯ ಕೇಳಿದ್ರ ಬೆಳಗಾವಿಗೆ ಅಗ್ಲೊಮರೇಷನ್ ನಂಬರ್ರ ಮುಖ್ಯ ನಂಬರ್ ಆಗಬೇಕು, ಪಾಲಿಕೆ ನಂಬರ್ ಪಕ್ಕದಾಗ ಇರಲಿ.

ಈಗ "ಪಟ್ಟಣ" ಅಂತ ಯಾರು ತೀರ್ಮಾನ ಮಾಡ್ತಾರ ಅನ್ನೋದು, ಯಾಕಂದ್ರ ನಿಮ್ಮ ಶೀಟ್‌ನಾಗ ಎಷ್ಟು ಸಾಲು ಇರಬೇಕು ಅನ್ನೋದು ಇದರ ಮ್ಯಾಲನ ನಿಂತೈತಿ. ಎರಡು ಥರದ ಪಟ್ಟಣ ಅದಾವ. ಸರ್ಕಾರ ಆದೇಶ ಹೊರಡಿಸಿ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ, ಮಹಾನಗರ ಪಾಲಿಕೆ ಮಾಡಿದ್ದು ಒಂದು. ನಮ್ಮ ರಾಜ್ಯದಾಗ ಸಾಮಾನ್ಯವಾಗಿ 10ರಿಂದ 20 ಸಾವಿರ ಇದ್ರ ಪಟ್ಟಣ ಪಂಚಾಯಿತಿ, 50 ಸಾವಿರದ ತನಕ ಪುರಸಭೆ, 3 ಲಕ್ಷದ ತನಕ ನಗರಸಭೆ, ಅದರ ಮ್ಯಾಲ ಪಾಲಿಕೆ. ಇನ್ನೊಂದು ಥರ ಅಂದ್ರ ಕಾಗದದ ಮ್ಯಾಲ ಗ್ರಾಮ ಪಂಚಾಯಿತಿನ ಇರ್ತೈತಿ, ಆದ್ರ ಜನಗಣತಿಯವರು ಅದನ್ನ ಪಟ್ಟಣ ಅಂತ ಎಣಿಸ್ತಾರ, ಇದಕ್ಕ ಸೆನ್ಸಸ್ ಟೌನ್ ಅಂತಾರ. ಕನಿಷ್ಠ 5,000 ಜನ ಇರಬೇಕು, ಒಂದು ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು, ದುಡಿಯೋ ಗಂಡಸರೊಳಗ ಮುಕ್ಕಾಲು ಪಾಲು ಒಕ್ಕಲುತನ ಬಿಟ್ಟು ಬ್ಯಾರೆ ಕೆಲಸದಾಗ ಇರಬೇಕು. ಕರ್ನಾಟಕದಾಗ 2001ರಾಗ ಇಂಥವು 44 ಇದ್ವು, 2011ಕ್ಕ 127 ಆದ್ವು. ಅದೇ ಹೊತ್ತಿನ್ಯಾಗ ರಾಜ್ಯದ ನಗರ ಜನಸಂಖ್ಯೆ 34 ಪರ್ಸೆಂಟ್‌ದಿಂದ 38.7 ಪರ್ಸೆಂಟ್ ಆತು. ಜನ ಹಳ್ಳಿ ಬಿಟ್ಟು ಸಿಟಿಗೆ ಓಡಿ ಬಂದ್ರು ಅಂತ ಎಲ್ಲಾರೂ ಬರದ್ರು, ಅದು ಅರ್ಧ ಮಾತು, ಉಳಿದಿದ್ದರಾಗ ಒಂದು ಭಾಗ ಹಳ್ಳಿ ಕೂತಲ್ಲೇ ಪಟ್ಟಣದ ಪಟ್ಟಿಗೆ ಬಂದಿದ್ದು.

ನಮ್ಮ ಭಾಗದಾಗ ಮುಕ್ಕಾಲು ಪಾಲಿನ ಆ ಗಂಡಸರ ಷರತ್ತು ಭಾಳ ಮುಖ್ಯ, ಇದನ್ನ ಯಾರೂ ಗಮನಿಸೂದಿಲ್ಲ ಅನ್ನೋದ ನನಗ ಬ್ಯಾಸರ. ರಾಯಬಾಗ, ಅಥಣಿ, ಗೋಕಾಕ ತಾಲೂಕಿನ ಹಳ್ಳಿಗಳ ಕಡಿ ಹೋಗಿ ನೋಡ್ರಿ, ಬಸ್ ಸ್ಟ್ಯಾಂಡ್, ಬ್ಯಾಂಕು, ಬಂಗಾರದ ಅಂಗಡಿ, ಕಾಲೇಜು, ಲಾಡ್ಜ್ ಎಲ್ಲಾ ಇದ್ದ ಊರುಗಳು, ಆದ್ರ ಕಬ್ಬಿನ ಹೊಲ ಊರಿನ ಬಾಗಿಲ ತನಕ ಬಂದಿರ್ತೈತಿ, ಅರ್ಧಕ್ಕಿಂತ ಹೆಚ್ಚು ಗಂಡಸರು "ನಿಮ್ಮ ಮುಖ್ಯ ಉದ್ಯೋಗ ಏನು" ಅಂದ್ರ ಒಕ್ಕಲುತನ ಅಂತಾರ. ಹಂಗಾಗಿ ಆ ಊರು ಎಷ್ಟ ದೊಡ್ಡದಿದ್ರೂ ಜನಗಣತಿ ಅದನ್ನ ಹಳ್ಳಿ ಅಂತನ ಬರೀತೈತಿ. ಬೆಳಗಾವಿ ಜಿಲ್ಲಾ 2011ರಾಗ 47.8 ಲಕ್ಷ ಜನ ಇದ್ದ ದೊಡ್ಡ ಜಿಲ್ಲಾ, ಅದರಾಗ ನಗರವಾಸಿಗಳು ಬರೇ 25 ಪರ್ಸೆಂಟ್, ಬಾಗಲಕೋಟಿ ಜಿಲ್ಲಾ ಅದರ ಅರ್ಧಕ್ಕಿಂತ ಸಣ್ಣದಾದ್ರೂ ಸುಮಾರು 32 ಪರ್ಸೆಂಟ್. ಇದಕ್ಕ ಒಂದು ಕಾರಣ ರಬಕವಿ-ಬನಹಟ್ಟಿ, ಇಳಕಲ್, ಗುಳೇದಗುಡ್ಡದಂಥ ನೇಕಾರರ ಊರುಗಳು, ಅಲ್ಲಿ ಮಗ್ಗ ಇರೋದ್ರಿಂದ ಅವು ಮೊದಲಿಂದನೂ ಪಟ್ಟಣದ ಲೆಕ್ಕದಾಗ ಅದಾವ, ಕಬ್ಬಿನ ಊರು ಎಷ್ಟ ಶ್ರೀಮಂತ ಆದ್ರೂ ಅಲ್ಲ.

ಆದ್ರ 2011 ಆದಮ್ಯಾಲ ಈ ದೊಡ್ಡ ಹಳ್ಳಿಗಳ ಪೈಕಿ ಭಾಳಷ್ಟು ಪಟ್ಟಣ ಪಂಚಾಯಿತಿ, ಪುರಸಭೆ ಆಗ್ಯಾವ. ಹಾರೂಗೇರಿ, ಮುಗಳಖೋಡ, ಮುನವಳ್ಳಿ ಈಗ ಪುರಸಭೆ, ಸೆನ್ಸಸ್ ಟೌನ್ ಆಗಿದ್ದ ಮಚ್ಛೆ, ಪೀರನವಾಡಿ ಪಟ್ಟಣ ಪಂಚಾಯಿತಿ ಆದ್ವು, ಆ ಕಡಿ ವಿಜಯಪುರ ಜಿಲ್ಲಾದಾಗ ಮನಗೂಳಿ, ನಿಡಗುಂದಿ, ಕೊಲ್ಹಾರ, ಚಡಚಣ ಹಿಂಗ ಹೆಸರು ಹೇಳ್ತಾ ಹೋಗಬಹುದು. ಆದೇಶ ಬಂದು ಪಟ್ಟಣ ಆದ ಊರಿಗೆ ಆ ಒಕ್ಕಲುತನದ ಷರತ್ತನ್ನ ಗಣತಿಯವರು ಹಚ್ಚೂದಿಲ್ಲ, ಸೀದಾ ಪಟ್ಟಣದ ಪಟ್ಟಿಗೆ ಹಾಕ್ತಾರ. ಹಂಗಾಗಿ 2027ರ ಗಣತಿಯೊಳಗ ಬೆಳಗಾವಿ ಮತ್ತ ವಿಜಯಪುರ ಜಿಲ್ಲಾದ ನಗರ ಪರ್ಸೆಂಟೇಜ್ ಏರೋದು ಗ್ಯಾರಂಟಿ, ಮತ್ತ ಅದರಾಗ ಎಷ್ಟು ಪಾಲು ಬರೇ ಬೋರ್ಡ್ ಬದಲಾಗಿ ಬಂದದ್ದು ಅಂತ ಬಿಡಿಸಿ ತೋರಸಬೇಕಾದವರು ನಿಮ್ಮಂಥೋರು.

ಅದನ್ನ ಬಿಡಿಸೋದು ಕಷ್ಟ ಇಲ್ಲ. ಇವತ್ತಿನ ಹದ್ದು ಏನೈತಿ ಅದನ್ನ ಗಟ್ಟಿ ಹಿಡೀರಿ, ಹಿಂದಿನ ಗಣತಿಯೊಳಗ ಆ ಹದ್ದಿನ ಒಳಗ ಬೀಳೋ ವಾರ್ಡು, ಹಳ್ಳಿ ಯಾವ್ಯಾವು ಅಂತ ಹುಡುಕಿ ಕೂಡಿಸ್ರಿ. ಹಾರೂಗೇರಿ 2011ರಾಗ ಹಳ್ಳಿಗಳ ಪಟ್ಟಿಯೊಳಗ ಸಿಗ್ತೈತಿ, 2001ರಾಗೂ ಅಲ್ಲೇ ಸಿಗ್ತೈತಿ, ಆ ಎರಡು ನಂಬರ್ ತಂದು ನಿಮ್ಮ ಪಟ್ಟಣದ ಸಾಲಿನ್ಯಾಗ ಇಡ್ರಿ, ಪಕ್ಕದಾಗ "ಆವಾಗ ಹಳ್ಳಿ" ಅಂತ ಬರೀರಿ. ಖಾಲಿ ಬಿಟ್ರ ಊರು ಶೂನ್ಯದಿಂದ ಹುಟ್ಟಿದಂಗ ಕಾಣಸ್ತೈತಿ, ಜಿಲ್ಲಾದ ನಗರ ಬೆಳವಣಿಗಿ ಸುಳ್ಳ ಉಬ್ಬತೈತಿ. ಹದ್ದು ಬದಲಾಗೇತೋ ಇಲ್ಲೋ ಅಂತ ಗೊತ್ತಾಗಲಿಲ್ಲ ಅಂದ್ರ ವಿಸ್ತೀರ್ಣದ ಕಾಲಂ ನೋಡ್ರಿ. ಜಿಲ್ಲಾ ಜನಗಣತಿ ಕೈಪಿಡಿಯೊಳಗ ಟೌನ್ ಡೈರೆಕ್ಟರಿ ಅಂತ ಇರ್ತೈತಿ, ಅದರಾಗ ಪ್ರತಿ ಊರಿನ ಚದರ ಕಿಲೋಮೀಟರ್ ಕೊಟ್ಟಿರ್ತಾರ. 2001ಕ್ಕೂ 2011ಕ್ಕೂ ಅದು ಬ್ಯಾರೆ ಇದ್ರ ಅಲ್ಲೇ ನಿಲ್ಲರಿ, ಆ ಊರಿನ ಬೆಳವಣಿಗಿ ದರ ಈಗ ಬರೀಬ್ಯಾಡ್ರಿ.

ಟೇಬಲ್ ವಿಷಯಕ್ಕ ಬಂದ್ರ, ಜನಗಣತಿಯ ಎ-4 ಅಂತ ಒಂದು ಟೇಬಲ್ ಐತಿ, 1901ರಿಂದ ಪ್ರತಿ ಪಟ್ಟಣದ ಜನಸಂಖ್ಯೆ ಒಂದೇ ಕಡಿ ಸಿಗ್ತೈತಿ, ಅದರಿಂದನ ಶುರು ಮಾಡ್ರಿ. ಹುಡುಕೋವಾಗ ಹಳೇ ಹೆಸರ್ಲೇ ಹುಡುಕ್ರಿ, ಊರುಗಳ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕ, 2011ರ ಟೇಬಲ್‌ನಾಗ ಬೆಳಗಾಂ, ಬಿಜಾಪುರ ಅಂತನ ಐತಿ, ಅದರಾಗೂ ಛತ್ತೀಸಗಡದಾಗ ಇನ್ನೊಂದು ಬಿಜಾಪುರ ಐತಿ, ಎರಡು ಶೀಟ್ ಕೂಡಿಸೋವಾಗ ಗೊಂದಲ ಆಗ್ತೈತಿ. ಹಂಗಾಗಿ ಹೆಸರಿನ ಮ್ಯಾಲ ಶೀಟ್ ಕೂಡಿಸಬ್ಯಾಡ್ರಿ, ಗಣತಿ ಕೋಡ್ ಕೊಟ್ಟಿರ್ತಾರ, ಅದರ ಮ್ಯಾಲ ಕೂಡಿಸ್ರಿ. ಇನ್ನ 1956ಕ್ಕಿಂತ ಹಿಂದಕ್ಕ ಹೋಗಬೇಕು ಅನಿಸಿದ್ರ ನಮ್ಮ ಈಗಿನ ಮೂರೂ ಜಿಲ್ಲಾದ ಭಾಗ ಮುಂಬೈ ರಾಜ್ಯದಾಗ ಇದ್ದದ್ದು, ಆ ಸಂಪುಟಗಳನ್ನ ನೋಡಬೇಕು, ನಿಮ್ಮ ಮುಧೋಳ ಮತ್ತ ಜಮಖಂಡಿ ಸಂಸ್ಥಾನಗಳಾಗಿದ್ವು, ಅವುಗಳ ಲೆಕ್ಕ ಸಂಸ್ಥಾನಗಳ ಭಾಗದಾಗ ಸಿಗ್ತೈತಿ. 1881ರ ಗಣತಿ ಹೊತ್ತಿಗೆ ವಿಜಯಪುರ ಅಂತ ಜಿಲ್ಲಾನ ಇರಲಿಲ್ಲ, ಕಲಾದಗಿ ಜಿಲ್ಲಾ. 1876-78ರ ಬರದಾಗ ಆ ಜಿಲ್ಲಾದ ಐದರಾಗ ಒಂದು ಪಾಲು ಜನ ಕಡಿಮಿ ಆಗಿದ್ದು ಆ ಹಾಳಿಯೊಳಗ ಎದ್ದು ಕಾಣತೈತಿ, ಓದಾಕ ಕುಂತ್ರ ಹೊಟ್ಟಿ ಕಲಕ್ತೈತಿ.

ಈಗ ದರದ ಲೆಕ್ಕ. ಹತ್ತು ವರ್ಷದ ಪರ್ಸೆಂಟನ್ನ ಹತ್ತರಿಂದ ಭಾಗಿಸಿ ವರ್ಷದ ದರ ಅಂತ ಬರೀಬ್ಯಾಡ್ರಿ, ಬ್ಯಾಂಕಿನ ಚಕ್ರಬಡ್ಡಿ ಇದ್ದಂಗ ಲೆಕ್ಕ ಹಾಕಬೇಕು, ಅಂದ್ರ 2011ರ ನಂಬರನ್ನ 2001ರದರಿಂದ ಭಾಗಿಸಿ ಹತ್ತನೇ ಮೂಲ ತಗೊಂಡು, ಅದರಾಗ 1 ಕಳೆದು ನೂರರಿಂದ ಗುಣಿಸಬೇಕು. ಬೆಳಗಾವಿ ಅಗ್ಲೊಮರೇಷನ್‌ಗೆ ಸುಮ್ನ ಭಾಗಿಸಿದ್ರ ವರ್ಷಕ್ಕ 2.05 ಬರ್ತೈತಿ, ಸರಿಯಾಗಿ ಮಾಡಿದ್ರ 1.88. ಸಣ್ಣ ಫರಕು ಅನಸ್ತೈತಿ, ಹದಿನಾರು ವರ್ಷ ಮುಂದಕ್ಕ ಎಳೆದ್ರ ಇಪ್ಪತ್ತು ಸಾವಿರ ಜನ ಆಚೀಚೆ ಆಗ್ತಾರ.

ನೆಟ್‌ನಾಗಿನ 2024, 2025ರ ನಂಬರ್ ಬರೋದು ಇದರಿಂದನ. 2011 ಆದಮ್ಯಾಲ ದೇಶದಾಗ ಜನಗಣತಿ ಆಗಿಲ್ಲ, 2020ರ ಮನಿಪಟ್ಟಿ ಕೆಲಸ ಕೋವಿಡ್ ಬಂದು ನಿಂತು 2021ರ ಗಣತಿ ಹೋತು. ಆ ಸೈಟ್‌ನವರು 2001-2011ರ ದರವನ್ನ ಹಂಗ ಮುಂದ ಎಳೆದು ಕೊನೀ ಅಂಕಿ ತನಕ ಬರೀತಾರ, ಓದೋರಿಗೆ ಯಾರೋ ಎಣಿಸಿ ಬಂದಾರ ಅನಸ್ತೈತಿ. ರಾಜ್ಯ ಮಟ್ಟಕ್ಕ 2011ರಿಂದ 2036ರ ತನಕ ಕೇಂದ್ರದ ತಾಂತ್ರಿಕ ಗುಂಪೊಂದು ಅಂದಾಜು ಕೊಟ್ಟೈತಿ, ನಗರ ಎಷ್ಟು, ಗ್ರಾಮೀಣ ಎಷ್ಟು ಅಂತಾನೂ ಐತಿ, ಆದ್ರ ಊರುವಾರು ಅದರಾಗ ಇಲ್ಲ.

ಹಂಗಾದ್ರ ನೀವು ಏನು ಬರೀಬೇಕು? ಒಂದು ನಂಬರ್ ಬರೀಬ್ಯಾಡ್ರಿ, ರೇಂಜ್ ಬರೀರಿ. ಬೆಳಗಾವಿ ಅಗ್ಲೊಮರೇಷನ್ 6.10 ಲಕ್ಷ, ಹಳೇ ದರ 1.88ರಂಗ ಹೋದ್ರ 2027ಕ್ಕ ಸುಮಾರು 8.2 ಲಕ್ಷ. ಆದ್ರ ಹೆರಿಗಿ ದರ ಇಳದೈತಿ, 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷಾದಾಗ ಕರ್ನಾಟಕದಾಗ ಒಬ್ಬ ಹೆಣ್ಣುಮಗಳಿಗೆ ಸರಾಸರಿ 1.7 ಮಕ್ಕಳು, ಅಂದ್ರ ಜನಸಂಖ್ಯೆ ತಾನ ತಾನ ಬೆಳೆಯೋದು ನಿಂತಕೋತ ಬಂದೈತಿ, ದರ 1.3ಕ್ಕ ಇಳೀತು ಅಂತ ಹಿಡಿದ್ರ 7.5 ಲಕ್ಷ. ಈ ಎರಡರ ನಡುವ ಎಲ್ಲೋ ಇರ್ತೈತಿ, ಎಲ್ಲಿ ಅನ್ನೋದನ್ನ ವಲಸೆ ತೀರ್ಮಾನ ಮಾಡ್ತೈತಿ. ಈ 70 ಸಾವಿರದ ಅಂತರ ಬರೇ ಕಾಗದದ ಮಾತಲ್ಲ. ಒಳಚರಂಡಿ ಇರೋ ಊರಿಗೆ ಒಬ್ಬರಿಗೆ ದಿನಕ್ಕ 135 ಲೀಟರ್ ನೀರು ಅಂತ ಲೆಕ್ಕ, ಅಂದ್ರ 70 ಸಾವಿರ ಜನಕ್ಕ ದಿನಾ 94 ಲಕ್ಷ ಲೀಟರ್. ಹಿಡಕಲ್‌ದಿಂದ, ರಾಕಸಕೊಪ್ಪದಿಂದ ಎಷ್ಟು ನೀರು ತರಬೇಕು ಅಂತ ಪ್ಲ್ಯಾನ್ ಹಾಕೋರು ತಪ್ಪು ತುದಿ ಹಿಡಿದ್ರ ಒಂದೋ ದುಡ್ಡು ಹಾಳು, ಇಲ್ಲ ಕೊನೀ ಓಣಿಯವರ ಕೊಡ ಖಾಲಿ.

ಸಣ್ಣ ಊರುಗಳಿಗೆ ಒಂದೇ ದರ ಹಚ್ಚಾಕ ಹೋಗಲೇಬ್ಯಾಡ್ರಿ. 2001ರಿಂದ 2011ಕ್ಕ ನಿಪ್ಪಾಣಿ ಸುಮಾರು 58 ಸಾವಿರದಿಂದ 63 ಸಾವಿರ ಆತು, ಬರೇ 8 ಪರ್ಸೆಂಟ್. ರಬಕವಿ-ಬನಹಟ್ಟಿ 70ರಿಂದ 77 ಸಾವಿರ, 10 ಪರ್ಸೆಂಟ್‌ಗಿಂತ ತುಸು ಕಡಿಮಿ. ಜಮಖಂಡಿ 58ರಿಂದ 69, ನಿಮ್ಮ ಮುಧೋಳ 42ರಿಂದ 52 ಸಾವಿರ, ಸುಮಾರು 23 ಪರ್ಸೆಂಟ್. ಎಲ್ಲಾ ನಮ್ಮ ಭಾಗದ ಊರುಗಳ ಇವು. ರಾಜ್ಯನ 15.6 ಬೆಳೆದಾಗ ಒಂದು ಪಟ್ಟಣ 8 ಬೆಳದೈತಿ ಅಂದ್ರ ಅಲ್ಲಿ ಹುಟ್ಟಿದ ಜನ ಹೊರಗ ಹೋಗ್ಯಾರ, ಇಲ್ಲ ಹದ್ದಿನ ಆಚೆ ಮನಿ ಕಟ್ಟ್ಯಾರ ಅಂತ ಅರ್ಥ. ನಿಪ್ಪಾಣಿಗೆ ಕೊಲ್ಲಾಪುರ ಹತ್ರ, ಬನಹಟ್ಟಿಯೊಳಗ ಮಗ್ಗದ ದುಡಿಮಿ ಮೊದಲಿನಂಗ ಇಲ್ಲ, ಮುಧೋಳಕ್ಕ ಸಕ್ಕರಿ ಕಾರ್ಖಾನಿ, ಸಿಮೆಂಟ್ ಬಂದಾವ. ಜನಸಂಖ್ಯೆ ನಂಬರ್ ಹಿಂದ ಆ ಊರಿನ ದುಡಿಮಿ ಕಥಿ ಇರ್ತೈತಿ, ಅದನ್ನ ಒಂದು ಸಾಲಿನ್ಯಾಗ ಆದ್ರೂ ಷರಾ ಕಾಲಂನಾಗ ಬರೀರಿ.

ಬಾಗಲಕೋಟಿ ಬಗ್ಗೆ ಪ್ರತ್ಯೇಕ ಹೇಳಬೇಕು. 2001ರಾಗ ಸುಮಾರು 91 ಸಾವಿರ, 2011ರಾಗ 1.12 ಲಕ್ಷ, ಲಕ್ಷ ದಾಟಿ ಮೊದಲನೇ ದರ್ಜಿ ನಗರ ಆತು. ಮ್ಯಾಲಿಂದ ನೋಡಿದ್ರ ಸಾಧಾರಣ ಬೆಳವಣಿಗಿ. ಒಳಗ ನೋಡಿದ್ರ ಊರ ಎದ್ದು ನಡದೈತಿ, ಆಲಮಟ್ಟಿ ಹಿನ್ನೀರಿಗೆ ಹಳೇ ಊರಿನ ಓಣಿ ಓಣಿನ ಹೋಗಿ ಜನ ನವನಗರಕ್ಕ ಬಂದಾರ, ಮುಳುಗಡಿ ಹಳ್ಳಿಗಳಿಂದ ಬಂದೋರು ಬ್ಯಾರೆ. ಇಲ್ಲಿ ಊರಿನ ಒಟ್ಟು ನಂಬರ್ ಏನೂ ಹೇಳೂದಿಲ್ಲ, ವಾರ್ಡುವಾರು ನೋಡಬೇಕು, ಮತ್ತ ವಾರ್ಡ್ ನಂಬರ್ ಅದೇ ಇದ್ರೂ ಜಾಗ ಬದಲಾಗಿರ್ತೈತಿ, ಹಂಗಾಗಿ ನಕಾಶಿ ಇಟಗೊಂಡ ಹೋಲಿಸಬೇಕು. ಅಣೆಕಟ್ಟಿನ ಮಟ್ಟ 519.6 ಮೀಟರ್‌ದಿಂದ 524.256ಕ್ಕ ಏರಿಸಿದ್ರ ಇನ್ನಷ್ಟು ಜನ ಕದಲ್ತಾರ. ಪುನರ್ವಸತಿ ಕೇಂದ್ರಗಳಿಗೆ ಹಳೇ ಊರಿನ ಹೆಸರ ಇರ್ತೈತಿ, ಪಟ್ಟಿಯೊಳಗ ಒಂದೇ ಹೆಸರು ಎರಡು ಸಲ ಬಂದ್ರ ಡುಪ್ಲಿಕೇಟ್ ಅಂತ ಅಳಿಸಿಬಿಡಬ್ಯಾಡ್ರಿ.

2027ರ ತನಕ ಬ್ಯಾರೆ ದಾಖಲೆ ನೋಡಿ ಅಂದಾಜು ಮಾಡಬಹುದೇನು ಅಂದ್ರ ಮಾಡಬಹುದು, ಪ್ರತಿಯೊಂದರಾಗೂ ಒಂದು ಕೊಕ್ಕಿ ಐತಿ. ಜನನ ನೋಂದಣಿ ಹೆರಿಗಿ ಆದ ಜಾಗದಾಗ ಆಗ್ತೈತಿ, ತಾಯಿ ಊರಿನ್ಯಾಗ ಅಲ್ಲ, ಬೆಳಗಾವಿಯ ದೊಡ್ಡ ಆಸ್ಪತ್ರಿಗಳಿಗೆ ಖಾನಾಪುರ, ಬೈಲಹೊಂಗಲದಿಂದನೂ ಬರ್ತಾರ, ಗಡಿ ಆಚೆ ಚಂದಗಡದಿಂದನೂ ಬರ್ತಾರ, ಅದನ್ನ ನೋಡಿ ಬೆಳಗಾವಿಯೊಳಗ ಹುಟ್ಟು ಹೆಚ್ಚಾತು ಅಂದ್ರ ತಪ್ಪು. ಮತದಾರರ ಪಟ್ಟಿ 18 ದಾಟಿದವರದಷ್ಟ, ಪುಣೆ, ಗೋವಾ, ಬೆಂಗಳೂರಾಗ ದುಡಿಯೋ ಹುಡುಗರ ಹೆಸರು ಊರಾಗನ ಇರ್ತೈತಿ. ಹೆಸ್ಕಾಂ ಕರೆಂಟ್ ಮೀಟರ್ ಚಲೋ ಗುರುತು, ಮನಿ ಎಷ್ಟು ಹೆಚ್ಚಾದ್ವು ಅಂತ ತೋರಿಸ್ತೈತಿ, ಆದ್ರ ಮನಿಗೆ ಎಷ್ಟು ಜನ ಅನ್ನೋದು ಇಳಕೋತ ಹೊಂಟೈತಿ, 2011ರಾಗ ರಾಜ್ಯದ ಸರಾಸರಿ 4.6 ಇತ್ತು, ಈಗಲೂ ಅದನ್ನ ಗುಣಿಸಿದ್ರ ನಂಬರ್ ಉಬ್ಬತೈತಿ. ನಾನು ಮೀಟರ್, ಆಸ್ತಿ ಖಾತೆ, ಒಂದನೇ ಕ್ಲಾಸಿನ ದಾಖಲಾತಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡ್ತೀನಿ. ಮೂರೂ ಒಂದೇ ದಿಕ್ಕ ತೋರಿಸಿದ್ರ ಆ ಊರಿನ ಬಗ್ಗೆ ಧೈರ್ಯದಿಂದ ಒಂದು ಮಾತು ಹೇಳಬಹುದು, ಮನಿ ಹೆಚ್ಚಾಗಿ ಸಾಲಿ ಮಕ್ಕಳು ಕಡಿಮಿ ಆಗಿದ್ರ ಕುಟುಂಬ ಒಡದಾವ, ಜನ ಹೆಚ್ಚಾಗಿಲ್ಲ.

ಇನ್ನ 2027. ಗಣತಿಯ ಆಧಾರ ದಿನಾಂಕ 2027ರ ಮಾರ್ಚ್ 1, 2011ರದೂ ಮಾರ್ಚ್ 1ರ ಇತ್ತು, ಹಂಗಾಗಿ ಕರೆಕ್ಟ್ ಹದಿನಾರು ವರ್ಷದ ಅಂತರ. ಹತ್ತು ವರ್ಷದ ಬೆಳವಣಿಗಿ ಜೊತಿ ಹದಿನಾರು ವರ್ಷದ್ದನ್ನ ನೇರ ಹೋಲಿಸಬ್ಯಾಡ್ರಿ, ಎರಡನ್ನೂ ವಾರ್ಷಿಕ ದರಕ್ಕ ತಂದು ಹೋಲಿಸ್ರಿ. ಇದನ್ನ ಈಗ ಯಾಕ ಹೇಳಾಕತ್ತೀನಿ ಅಂದ್ರ ಗಣತಿ ಬಂದ ದಿನ "ವಿಜಯಪುರ ಇಷ್ಟು ಪರ್ಸೆಂಟ್ ಏರಿತು" ಅಂತ ಎಲ್ಲಾ ಕಡಿ ಬರ್ತೈತಿ, ಹದಿನಾರು ವರ್ಷ ಅನ್ನೋದು ಯಾರ ತಲಿಯಾಗೂ ಇರೂದಿಲ್ಲ. ಮಾರ್ಚ್ ಅಂದ್ರ ಕಬ್ಬಿನ ಹಂಗಾಮ ಇನ್ನೂ ಪೂರಾ ಮುಗಿದಿರೂದಿಲ್ಲ, ವಿಜಯಪುರದ ತಾಂಡಾಗಳಿಂದ ಕೆಲಸಕ್ಕ ಹೋದೋರು ತಿರುಗಿ ಬಂದಿರೂದಿಲ್ಲ, ಇದನ್ನೂ ಷರಾದಾಗ ಇಡ್ರಿ. 2018ರ ಹೊತ್ತಿಗೆ ಹೊಸ ತಾಲೂಕು ಭಾಳ ಆಗಿದ್ದರಿಂದ ತಾಲೂಕುವಾರು ಟೇಬಲ್ ಹಳೇದರ ಜೊತಿ ಹೊಂದೂದಿಲ್ಲ, ಪಟ್ಟಣದ ಸಾಲಿಗೆ ಅದರಿಂದ ತೊಂದ್ರಿ ಇಲ್ಲ.

ಈಗ ಶೀಟ್‌ನಾಗ ಕೋಡ್, ಹಳೇ ಹೆಸರು, ಈಗಿನ ಹೆಸರು, ಪ್ರತಿ ಗಣತಿಯೊಳಗ ಅದರ ದರ್ಜಿ, ವಿಸ್ತೀರ್ಣ, ಯಾವ ಹದ್ದು, ಆಮ್ಯಾಲ ಜನಸಂಖ್ಯೆ ಈ ಕ್ರಮದಾಗ ಕಾಲಂ ಇಟಗೋರಿ. ಎಲ್ಲಾ ಊರು ತುಂಬಾಕ ಹೋಗೂ ಮೊದಲು ವಿಜಯಪುರ, ಮಚ್ಛೆ, ಹಾರೂಗೇರಿ ಈ ಮೂರು ಸಾಲು ತುಂಬಿ ನೋಡ್ರಿ, ಒಂದರಾಗ ನಗರ ಅಂಚನ್ನ ನುಂಗೇತಿ, ಒಂದು ಸೆನ್ಸಸ್ ಟೌನ್ ಇದ್ದದ್ದು ಪಟ್ಟಣ ಪಂಚಾಯಿತಿ ಆಗೇತಿ, ಒಂದು ಹಳ್ಳಿ ಸೀದಾ ಪುರಸಭೆ ಆಗೇತಿ. ಈ ಮೂರು ಥರದ ಊರು ನಿಮ್ಮ ಕಾಲಂನಾಗ ಗೊಂದಲ ಇಲ್ಲದ ಕುಂತ್ರ ಉಳಿದ ಊರು ತುಂಬಾಕ ಶುರು ಮಾಡ್ರಿ, ಕುಂಡರಲಿಲ್ಲ ಅಂದ್ರ ಆ ಮೂರು ಸಾಲು ಕಳಸ್ರಿ, ನೋಡಿ ಹೇಳ್ತೀನಿ.